ಕಲಿಸದೆ ಕಡ್ಡಾಯ ಮಾಡಬೇಡಿ

ಹಳ್ಳಿಯ ಜನರಿಗೆ ಕಂಪ್ಯೂಟರ್, ಸ್ಮಾರ್ಟ್‌ಫೋನ್ ಬಳಕೆ ಕಲಿಸಲೆಂದು ಕೇಂದ್ರ ಸರ್ಕಾರ 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ತಂದಿತು. ಮನೆಗೊಬ್ಬರು, 20 ಗಂಟೆಗಳ ಪಾಠ, ಕೊನೆಗೊಂದು ಪರೀಕ್ಷೆ, ಕೈಗೊಂದು ಪ್ರಮಾಣಪತ್ರ. ನಿಯಮಗಳಲ್ಲಿ ವಯಸ್ಸಿನ ಮಿತಿಯೂ ಇತ್ತು: 14ರಿಂದ 60. ಆರು ಕೋಟಿ ಜನರ ಗುರಿ ಹೊತ್ತಿದ್ದ ಆ ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿಯುವಾಗ 6.39 ಕೋಟಿ ಮಂದಿಗೆ ತರಬೇತಿ ಆಗಿದೆ ಎಂದು ಸರ್ಕಾರ ಹೇಳಿಕೊಂಡಿತು. ಮಹಾರಾಷ್ಟ್ರ ಗಡಿಯ ನಿಪ್ಪಾಣಿಯಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿ ಅರವತ್ತು ದಾಟಿದ ಹೆಂಗಸಿಗೆ ಆ ಲೆಕ್ಕದಲ್ಲಿ ಜಾಗ ಇರಲಿಲ್ಲ. ಆದರೆ ಅವಳ ಪಿಂಚಣಿಯ ಜೀವಿತ ಪ್ರಮಾಣಪತ್ರ, ರೇಷನ್ ಕಾರ್ಡಿನ ಇ-ಕೆವೈಸಿ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಂತೋ ಇಲ್ಲವೋ ಎಂಬ ಸುದ್ದಿ, ಎಲ್ಲವೂ ಆಧಾರ್, ಓಟಿಪಿ, ಪೋರ್ಟಲ್‌ಗಳ ಪಾಲಾಗಿವೆ. ಕಲಿಸುವಾಗ ವಯಸ್ಸು ನೋಡಿದ ಸರ್ಕಾರ ಕಡ್ಡಾಯ ಮಾಡುವಾಗ ನೋಡಲಿಲ್ಲ.

ನನ್ನ ತಕರಾರು ಇಷ್ಟೇ. ಯಾವ ವಿದ್ಯೆ ಇಲ್ಲದೆ ಮನುಷ್ಯನ ಅನ್ನ, ಕೂಲಿ, ಪಿಂಚಣಿ ನಿಂತುಹೋಗುತ್ತವೋ ಆ ವಿದ್ಯೆಯನ್ನು ಕಲಿಸುವುದು ಸರ್ಕಾರದ ಹೊಣೆ. ಕಲಿಸಿ ಮುಗಿಯುವ ತನಕ ಫೋನಿಲ್ಲದವರ ದಾರಿಯನ್ನು ಮುಚ್ಚುವ ಅಧಿಕಾರ ಯಾವ ಇಲಾಖೆಗೂ ಇಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿಯ ಯಾವುದೇ ಆನ್‌ಲೈನ್ ಅಂಗಡಿಯ ಮುಂದೆ ಒಂದು ಮುಂಜಾನೆ ನಿಂತು ನೋಡಿ. ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ಹೊರಬರುತ್ತದೆ. ಅದರಲ್ಲಿ ಲ್ಯಾಮಿನೇಷನ್ ಮಾಡಿಸಿದ ಆಧಾರ್, ಮೂಲೆ ಮುದುಡಿದ ಪಾಸ್‌ಬುಕ್, ಮಗನ ನಂಬರು ಬರೆದ ಚೀಟಿ. ‘ಆಯಿ, ಓಟಿಪಿ ಹೇಳ್ರಿ’ ಅನ್ನುತ್ತಾನೆ ಕಂಪ್ಯೂಟರ್ ಮುಂದಿನ ಹುಡುಗ. ಆಯಿ ಓಟಿಪಿ ಹೇಳುವುದಿಲ್ಲ, ಫೋನನ್ನೇ ಅವನ ಕೈಗೆ ಕೊಡುತ್ತಾಳೆ. ಮಗ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗಿದ್ದು, ಆಧಾರಿಗೆ ಅವನ ನಂಬರೇ ಜೋಡಣೆಯಾಗಿದ್ದರೆ ಓಟಿಪಿ ಅಲ್ಲಿ ಬಂದು ಅಲ್ಲೇ ಉಳಿಯುತ್ತದೆ. ಹೆಬ್ಬೆಟ್ಟು ಇಡೋಣವೆಂದರೆ ಎಲೆ ಕತ್ತರಿಸಿ, ತಂಬಾಕು ತಿಕ್ಕಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ‘ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ’ ಎಂಬಲ್ಲಿಗೆ ಒಂದು ದಿನದ ಕೂಲಿ ಹೋಯಿತು. ಆ ಹುಡುಗನನ್ನು ನಾನು ದೂರುವುದಿಲ್ಲ. ಸರ್ಕಾರ ಮಾಡಬೇಕಾದ ಕೆಲಸದ ಅರ್ಧವನ್ನು ಅವನು ಮಾಡುತ್ತಿದ್ದಾನೆ. ಆದರೆ ತನ್ನ ಹಣದ ಕೀಲಿಯನ್ನು ಯಾರದೋ ಕೈಗೆ ಕೊಟ್ಟು ಬರುವುದನ್ನೇ ನಾವು ಈ ಹೆಂಗಸರಿಗೆ ರೂಢಿ ಮಾಡಿಸಿದ್ದೇವೆ. ಆಮೇಲೆ ಅದೇ ಹೆಂಗಸರಿಗೆ, ಯಾರಿಗೂ ಓಟಿಪಿ ಹೇಳಬೇಡಿ ಎಂದು ಬ್ಯಾಂಕು ಸಂದೇಶ ಕಳಿಸುತ್ತದೆ. ಆ ಸಂದೇಶವೂ ಬಹುಪಾಲು ಇಂಗ್ಲಿಷಿನಲ್ಲಿ.

ಎಷ್ಟು ಜನ ಹೀಗಿದ್ದಾರೆ ಎಂಬ ಲೆಕ್ಕವೂ ಅರ್ಧಕ್ಕೇ ನಿಂತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 25 ಮಂದಿ ಮಾತ್ರ. ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ಹಳ್ಳಿ, ಪಟ್ಟಣ ಎರಡೂ ಸೇರಿ ನೂರಕ್ಕೆ 54. ಈ ಪ್ರಶ್ನೆಗಳನ್ನು ಕೇಳಿದ್ದು 15ರಿಂದ 49 ವರ್ಷದವರಿಗೆ. ಐವತ್ತು ದಾಟಿದವರನ್ನು ಕೇಳಲೇ ಇಲ್ಲ. ತರಬೇತಿಯಲ್ಲಿ ಇಲ್ಲದವರು ಗಣತಿಯಲ್ಲೂ ಇಲ್ಲದಿರುವಾಗ ನೀತಿಯಲ್ಲಿ ಎಲ್ಲಿಂದ ಬರಬೇಕು?

‘ಒಂದು ತಲೆಮಾರು ಸರಿದರೆ ಈ ಸಮಸ್ಯೆಯೇ ಇರುವುದಿಲ್ಲ, ಈಗಿನ ಹುಡುಗರಿಗೆಲ್ಲ ಫೋನ್ ಗೊತ್ತು’ ಎನ್ನುವವರಿದ್ದಾರೆ. ಓದಿದವರ ಬಾಯಲ್ಲೇ ಈ ಮಾತನ್ನು ಹೆಚ್ಚು ಕೇಳಿದ್ದೇನೆ, ಕೇಳಿದಾಗಲೆಲ್ಲ ಸಿಟ್ಟು ಬಂದಿದೆ. ಸರಿಯುವುದು ಅಂದರೆ ಸಾಯುವುದು. ಅವ್ವ, ಅಪ್ಪ, ಮಾವ, ಅತ್ತೆ ಸಾಯುವ ತನಕ ಕಾಯೋಣ ಎಂಬುದನ್ನು ಆಡಳಿತದ ನೀತಿ ಎಂದು ಒಪ್ಪಲು ಸಾಧ್ಯವಿಲ್ಲ. ‘ಮನೆಯಲ್ಲಿ ಮಕ್ಕಳು ಮಾಡಿಕೊಡುತ್ತಾರಲ್ಲ’ ಎಂಬ ಮಾತೂ ಅಷ್ಟೇ ಪೊಳ್ಳು. ಮಕ್ಕಳು ಮಾಡಿಕೊಡುತ್ತಾರೆ, ನಿಜ. ಖಾತೆಗೆ ರೊಕ್ಕ ಬಿದ್ದದ್ದೂ ಅವರಿಗೇ ಮೊದಲು ಗೊತ್ತಾಗುತ್ತದೆ. ಮನೆಯ ಯಜಮಾನಿಯ ಹೆಸರಿಗೇ ಹಣ ಕೊಡುತ್ತೇವೆಂದು 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಜಾರಿಗೆ ಬಂತು. ಆ ಹಣ ಬಂದದ್ದು ಯಜಮಾನಿಗೆ ಮಗನಿಂದ ತಿಳಿಯಬೇಕಾದರೆ ಯೋಜನೆಯ ಅರ್ಧ ಜೀವ ಅಲ್ಲೇ ಹೋಯಿತು.

ಕಲಿಯಲಾರರು ಎಂಬ ವಾದವನ್ನಂತೂ ಈ ನೆಲದಲ್ಲಿ ನಿಂತು ಯಾರೂ ಆಡಬಾರದು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಎಪ್ಪತ್ತರ ದಶಕದ ಕೊನೆಯಲ್ಲಿ ಸಂಘ ಕಟ್ಟಿ ಮಾಲೀಕರನ್ನು ಎದುರಿಸಿದವರು. ಬೆಂಗಳೂರಿನ ದೀಪಾ ಧನರಾಜ್ ಮತ್ತು ಸಂಗಾತಿಗಳ ಯುಗಾಂತರ ತಂಡ 1982ರಲ್ಲಿ ತಯಾರಿಸಿದ ‘ತಂಬಾಕು ಚಾಕೀಲಾ ಊಬ್ ಆಲಿ’ ಸಾಕ್ಷ್ಯಚಿತ್ರದಲ್ಲಿ ಆ ಹೆಂಗಸರೇ ತಮ್ಮ ಹೋರಾಟವನ್ನು ಹೇಳಿಕೊಂಡಿದ್ದಾರೆ. ಕೂಲಿಯ ಲೆಕ್ಕ, ಮಾಲೀಕರ ಕುಟಿಲ, ಸಂಘದ ಶಿಸ್ತು ಇವೆಲ್ಲ ಅಕ್ಷರ ಬಾರದ ಕಾಲದಲ್ಲೇ ಅವರಿಗೆ ತಿಳಿದವು. ಪರದೆಯ ಮೇಲಿನ ಐದಾರು ಗುರುತುಗಳು ತಿಳಿಯಲಾರವೆ?

ಹಾಗಾದರೆ ಕಲಿಸಬೇಕಾದದ್ದು ಏನು? ಎರಡು ದಿನದ ಶಿಬಿರ ಮಾಡಿ, ಮೌಸ್ ಎಂದರೇನು, ಕೀಬೋರ್ಡ್ ಎಂದರೇನು ಎಂದು ಹೇಳಿ, ಗುಂಪಿನ ಫೋಟೊ ತೆಗೆದು ಕಳಿಸುವುದರಿಂದ ಏನೂ ಆಗುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ. ಬ್ಯಾಂಕಿನ ಸಂದೇಶದಲ್ಲಿ ಹಣ ಬಂದದ್ದು ಯಾವುದು, ಹೋದದ್ದು ಯಾವುದು ಎಂದು ಗುರುತು ಹಿಡಿಯುವುದು. ‘ಡಿಬಿಟಿ ಕರ್ನಾಟಕ’ ಆ್ಯಪಿನಲ್ಲಿ ಯಾವ ತಿಂಗಳ ಕಂತು ಯಾವ ಖಾತೆಗೆ ಬಿತ್ತು ಎಂದು ತಾವೇ ನೋಡುವುದು. ಟೈಪ್ ಮಾಡಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಮಾತಾಡಿ ಹುಡುಕುವುದು. ಮೋಸವಾದ ತಕ್ಷಣ 1930ಕ್ಕೆ ಫೋನ್ ಮಾಡುವುದು. ಇದನ್ನು ಒಂದೇ ಪಟ್ಟಿಗೆ ಕೂರಿಸಿ ಕಲಿಸಲಾಗದು. ಇವತ್ತು ಹಣ ಬಿದ್ದ ದಿನ ನೋಡಿಸಬೇಕು, ಮುಂದಿನ ತಿಂಗಳು ಅವರ ಕೈಯಿಂದಲೇ ಮಾಡಿಸಬೇಕು, ಮರೆತರೆ ಬೇಸರಪಡದೆ ಮತ್ತೆ ತೋರಿಸಬೇಕು. ಆಮೇಲೆ ಸಮಯದ ಮಾತು. ಕಬ್ಬಿನ ಹಂಗಾಮಿನಲ್ಲಿ ಉಗಾರ, ಐನಾಪುರ, ಹಾರೂಗೇರಿ ಕಡೆಯ ಹೆಂಗಸರಿಗೆ ಕೂತು ಕಲಿಯುವ ಪುರುಸೊತ್ತು ಇರುವುದಿಲ್ಲ. ನಿಪ್ಪಾಣಿಯ ಬೀಡಿ ಕಟ್ಟುವವರು ಮಧ್ಯಾಹ್ನ ಕಟ್ಟೆಯ ಮೇಲೆ ನಾಲ್ಕಾರು ಜನ ಸೇರಿ ಕೂರುತ್ತಾರೆ. ಪಾಠ ಆ ಕಟ್ಟೆಗೇ ಹೋಗಬೇಕು.

ಕೇರಳದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿ ಮಾಡಿದ್ದು ಇದನ್ನೇ. ಉದ್ಯೋಗ ಖಾತ್ರಿಯ ಕೂಲಿ ಬಂತೋ ಇಲ್ಲವೋ ನೋಡಲು ಜನ ಕೆಲಸ ಬಿಟ್ಟು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ಕಂಡು ಅಲ್ಲಿ ಕಲಿಕೆ ಶುರುವಾಯಿತು. ಕೆಲಸದ ಜಾಗಕ್ಕೇ ಹೋಗಿ ಕಲಿಸಿದರು, ಮುದುಕರ ಮನೆಗೆ ಹೋಗಿ ಕಲಿಸಿದರು. 2022ರಲ್ಲಿ ಅದು ಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎನಿಸಿತು. ಅದೇ ಮಾದರಿ ಹಿಡಿದು ಕೇರಳ 21 ಲಕ್ಷಕ್ಕೂ ಹೆಚ್ಚು ಜನರಿಗೆ ಕಲಿಸಿ 2025ರ ಆಗಸ್ಟ್‌ನಲ್ಲಿ ಇಡೀ ರಾಜ್ಯವೇ ಪೂರ್ಣ ಡಿಜಿಟಲ್ ಸಾಕ್ಷರ ಎಂದು ಘೋಷಿಸಿತು. ಕಲಿತವರಲ್ಲಿ ನೂರು ದಾಟಿದ ಅಜ್ಜನೂ ಇದ್ದರು.

ನಮ್ಮಲ್ಲಿ ಅದಕ್ಕೆ ಬೇಕಾದ ಜಾಗ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಒಳ್ಳೆಯ ಬದಲಾವಣೆ ಆಗಿದೆ. ಅರಿವು ಕೇಂದ್ರವೆಂಬ ಹೆಸರು ಬಂದಿದೆ, ಹಲವೆಡೆ ಕಂಪ್ಯೂಟರ್, ಟಿವಿ ಬಂದಿವೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅಲ್ಲಿ ಕೂತವರು ಶಾಲೆಯ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು. ಅವರ ಅವ್ವಂದಿರು ಬಾಗಿಲ ಹೊರಗೇ ಉಳಿದರು. ವಯಸ್ಕರಿಗಾಗಿ ಇರುವ ನವ ಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರ ತನಕ ನಡೆಯುತ್ತಿದೆ. ಅದರಲ್ಲಿ ಡಿಜಿಟಲ್ ಸಾಕ್ಷರತೆಯೂ ಸೇರಿದೆ, ಆದರೆ ಇಡೀ ಕೆಲಸ ಸಂಬಳವಿಲ್ಲದ ಸ್ವಯಂಸೇವಕರ ಹೆಗಲ ಮೇಲಿದೆ. ಕೇರಳದಲ್ಲೂ ಕಲಿಸಿದವರು ಸ್ವಯಂಸೇವಕರೇ, ಒಪ್ಪುತ್ತೇನೆ. ಅಲ್ಲಿ ಬೆನ್ನಿಗೆ ಪಂಚಾಯಿತಿ ಇತ್ತು, ಹೆಂಗಸರ ಸಂಘಗಳ ಜಾಲವಾದ ಕುಟುಂಬಶ್ರೀ ಇತ್ತು. ಇಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳಿದ್ದಾರೆ. ಪಂಚಾಯಿತಿಗೆ ಒಬ್ಬಳಂತೆ ಅವರನ್ನು ಆರಿಸಿ, ತಿಂಗಳ ಗೌರವಧನ ಕೊಟ್ಟು ಕಲಿಸುವ ಕೆಲಸಕ್ಕೆ ಹಚ್ಚಿರಿ. ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್‌ಗೆ 2023ರಲ್ಲಿ ಮಂಜೂರಾದ ಹಣ 1,39,579 ಕೋಟಿ ರೂಪಾಯಿ. ತಂತಿ ಎಳೆಯಲು ಅಷ್ಟು ಹಣ ಇರುವ ದೇಶದಲ್ಲಿ ಕಲಿಸುವವಳ ಕೂಲಿಗೆ ಹಣ ಇಲ್ಲವೆಂದರೆ ಯಾರು ನಂಬುತ್ತಾರೆ?

ಭಾಷೆಯ ವಿಷಯದಲ್ಲಿ ನನ್ನ ಮಾತು ಕೆಲವು ಕನ್ನಡ ಗೆಳೆಯರಿಗೆ ಸೇರಲಿಕ್ಕಿಲ್ಲ. ಬೋರಗಾಂವದ, ನಿಪ್ಪಾಣಿಯ ಮರಾಠಿ ಮನೆಮಾತಿನ ಅಜ್ಜಿಗೆ ಮರಾಠಿಯಲ್ಲೇ ಕಲಿಸಬೇಕು, ಕುಡಚಿಯ ಉರ್ದು ಮಾತಿನವರಿಗೆ ಅವರ ಮಾತಿನಲ್ಲೇ. ಅರ್ಜಿ ಕನ್ನಡದಲ್ಲಿರಲಿ, ಬ್ಯಾಂಕಿನ ಸಂದೇಶವೂ ಕನ್ನಡದಲ್ಲಿ ಬರಲಿ, ಅದಕ್ಕಾಗಿ ಜಗಳವಾಡೋಣ. ಆದರೆ ವಿವರಣೆ ಕಿವಿಗೆ ಅರ್ಥವಾಗುವ ಮಾತಿನಲ್ಲಿ ಇರಬೇಕು. ಕರ್ನಾಟಕ ಸರ್ಕಾರದ ಸೇವೆಯನ್ನು ತಾನೇ ಪಡೆಯಲು ಕಲಿತ ಮರಾಠಿ ಹೆಂಗಸಿನಿಂದ ಕನ್ನಡಕ್ಕೆ ನಷ್ಟ ಆಗುವುದಿಲ್ಲ. ಗಡಿಯ ಆಚೆ ಜತ್ತ, ಅಕ್ಕಲಕೋಟದ ಕನ್ನಡಿಗರಿಗೂ ಇದೇ ನ್ಯಾಯವನ್ನೇ ನಾವು ಕೇಳುತ್ತಿರುವುದು.

ಕಾನೂನಿನ ಬಲವೂ ಈಗ ಜನರ ಕಡೆಗಿದೆ. ಮುಖಕ್ಕೆ ಆ್ಯಸಿಡ್ ದಾಳಿಯಾದವರು ಮತ್ತು ದೃಷ್ಟಿದೋಷ ಇರುವವರು ಇ-ಕೆವೈಸಿ ಮಾಡಿಸಲಾಗದೆ ಸುಪ್ರೀಂ ಕೋರ್ಟಿಗೆ ಹೋದಾಗ, ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ನ್ಯಾಯಾಲಯ ಹೇಳಿತು. ಬೆರಳು ಸವೆದ ಬೀಡಿ ಕಾರ್ಮಿಕಳೂ ಆ ಹಕ್ಕಿನವಳೇ.

ಚಿಕ್ಕೋಡಿ, ರಾಯಬಾಗ, ಅಥಣಿಯ ಜೊತೆಗೆ ಹೊಸದಾಗಿ ಹುಟ್ಟಿದ ನಿಪ್ಪಾಣಿ, ಕಾಗವಾಡವೂ ಸೇರಿ ಈ ಐದೂ ತಾಲ್ಲೂಕುಗಳ ಶಾಸಕರು, ತಹಶೀಲ್ದಾರರು ಮೊದಲ ಹೆಜ್ಜೆಯಾಗಿ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಹೊಸ ಬಜೆಟ್ ಬೇಕಿಲ್ಲ. ಪ್ರತಿ ಪಂಚಾಯಿತಿಯಲ್ಲಿ ವಾರಕ್ಕೊಂದು ದಿನ ಫೋನು, ಓಟಿಪಿ, ಹೆಬ್ಬೆಟ್ಟು ಯಾವುದೂ ಇಲ್ಲದೆ ಬಂದವರ ಅರ್ಜಿಯನ್ನು ಕಾಗದದ ಮೇಲೆ ಪಡೆದು, ಸಹಿ ಹಾಕಿದ ರಸೀದಿ ಕೊಡಲಿ. ಎಷ್ಟು ಅರ್ಜಿ ಬಂದವು, ಯಾವ ಕಾರಣಕ್ಕೆ ಬಂದವು ಎಂದು ತಿಂಗಳ ಕೊನೆಗೆ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಯಾರಿಗೆ ಏನು ಕಲಿಸಬೇಕು ಎಂಬ ಪಟ್ಟಿ ಆಗ ಆ ಗೋಡೆಯ ಮೇಲೆಯೇ ಸಿಗುತ್ತದೆ.