ಬಾಕಿ ತೀರಿಸಿ ಕರೆತಂದ ಆಟಗಾರ

ಪರ-ವಿರೋಧ: ಬಿಡುವಿನ ಕಾಲದಲ್ಲಿ ಐಪಿಎಲ್ ತಂಡಗಳು ಆಟಗಾರರನ್ನು ಅದಲು-ಬದಲು ಮಾಡಿಕೊಳ್ಳುವುದು ಸರಿಯೇ?

ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ತಗಡಿನ ಥೇಟರು ನಿಲ್ಲಿಸುವ ಹೊತ್ತಿಗೆ ಬಾದಾಮಿ ಕಡೆಯ ಚಹದಂಗಡಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಓಡಾಡುತ್ತದೆ. ಈ ಸಲ ಯಾವ ಹಾಸ್ಯನಟ ಯಾವ ಕಂಪನಿ ಬಿಟ್ಟ, ಯಾವ ಕಂಪನಿ ಸೇರಿದ, ಮುಂಗಡ ಎಷ್ಟಂತೆ? ನಾಟಕಕ್ಕೆ ಟಿಕೀಟು ತೆಗೆಯದವರೂ ಇದನ್ನು ಕೇಳುತ್ತಾರೆ. ಈಗೀಗ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಬಂದು ಕೂತಿದೆ: ಐಪಿಎಲ್‌ನಲ್ಲಿ ಯಾರು ಯಾರ ಪಾಲಾದರು? ಏಪ್ರಿಲ್-ಮೇ ತಿಂಗಳಲ್ಲಿ ಆಟ ನಡೆಯುವಾಗ ಮಾತು ಇಷ್ಟು ಕಾವೇರುವುದಿಲ್ಲ. ಬ್ಯಾಟು ಒಳಗಿಟ್ಟ ಮೇಲೆಯೇ ನಿಜವಾದ ಜಗಳ.

2025ರ ನವೆಂಬರ್ 15, ಶನಿವಾರ. ಚೆನ್ನೈ ತಂಡ ರವೀಂದ್ರ ಜಡೇಜಾ, ಸ್ಯಾಮ್ ಕರನ್ ಇಬ್ಬರನ್ನೂ ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್‌ನನ್ನು ತಂದ ಸುದ್ದಿ ಬಂದಾಗ ನಾನು ಇಳಕಲ್ಲಿನ ಒಂದು ಸೀರೆ ಅಂಗಡಿಯ ಗಾದಿಯ ಮೇಲಿದ್ದೆ. ಅಂಗಡಿಯವರಿಗೆ ಅರವತ್ತರ ಹತ್ತಿರ. ಮೊದಲು ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದವರು. ಅವರ ಅಕ್ಕನ ಮಗ ಬಾಗಲಕೋಟೆ ನವನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಅವತ್ತು ಬಂದಿದ್ದ. ಇಬ್ಬರೂ ಆರ್‌ಸಿಬಿ. ಚೆನ್ನೈನವರು ಏನು ಮಾಡಿಕೊಂಡರೆ ಇವರಿಗೇನು ಎನ್ನುತ್ತೀರಿ. ಆದರೆ ಸುದ್ದಿ ಓದಿದ ಅಳಿಯ ಚಪ್ಪಾಳೆ ತಟ್ಟಿದ, ಮಾವ ಮೋರೆ ತಿರುವಿದರು. ತರಿಸಿದ್ದ ಮಿರ್ಚಿ ಆರಿತು, ವಾದ ಆರಲಿಲ್ಲ. ಇಬ್ಬರನ್ನೂ ಈ ಪುಟಕ್ಕೆ ಎಳೆದಿದ್ದೇನೆ. ಅಳಿಯ ಬರೆದುಕೊಟ್ಟ, ಮಾವ ಸೀರೆ ಮಡಚುತ್ತ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಅದಲು-ಬದಲು ಇರಲಿ. ಅದರ ಹಿಂದಿನ ರೊಕ್ಕದ ಲೆಕ್ಕ ಮುಚ್ಚಿಡುವುದು ಮಾತ್ರ ನನಗೆ ಸೇರುವುದಿಲ್ಲ. ಅದನ್ನು ಮಾವ ನನಗಿಂತ ಚೆನ್ನಾಗಿ ಹೇಳಿದ್ದಾರೆ.

ಪರ: ಅಳಿಯ

ಮಾಮಾ, ನೀವು ಇದನ್ನು ದನದ ಸಂತೆ ಅಂದಿರಿ. ಸಂತೆ ಯಾವುದು ಹೇಳಿ? ಹರಾಜು. ಅಲ್ಲಿ ಒಬ್ಬರು ಸುತ್ತಿಗೆ ಹಿಡಿದು ನಿಲ್ಲುತ್ತಾರೆ, ಹತ್ತು ಮೇಜಿನವರು ಹಲಗೆ ಎತ್ತುತ್ತಾರೆ, ಆಟಗಾರ ಎಲ್ಲೋ ಟಿವಿ ಮುಂದೆ ಕೂತು ತನ್ನ ಬೆಲೆ ತಾನೇ ನೋಡುತ್ತಿರುತ್ತಾನೆ. ಯಾವ ಊರಿಗೆ ಹೋಗುತ್ತೀಯಪ್ಪ ಎಂದು ಒಬ್ಬರೂ ಅವನನ್ನು ಕೇಳುವುದಿಲ್ಲ. ಈ ಅದಲು-ಬದಲಿನಲ್ಲಿ, ಅಂದರೆ ಟ್ರೇಡ್‌ನಲ್ಲಿ, ಹಾಗಲ್ಲ. ಕೊಡುವ ತಂಡ, ಕೊಳ್ಳುವ ತಂಡ, ಆಟಗಾರ, ಮೂವರೂ ಹೂಂ ಅನ್ನಬೇಕು. ಜಡೇಜಾನ ಸಂಬಳ 18 ಕೋಟಿಯಿಂದ 14ಕ್ಕೆ ಇಳಿಯಿತು. ಅವನು ಒಲ್ಲೆ ಅಂದಿದ್ದರೆ ವ್ಯವಹಾರ ಅಲ್ಲಿಗೇ ಮುರಿಯುತ್ತಿತ್ತು. ಸಂಜು ಅದೇ 18 ಕೋಟಿಗೆ ಹೋದ. ಅವನು ರಾಜಸ್ಥಾನ ಬಿಡುತ್ತಾನೆ ಎಂಬ ಸುದ್ದಿ ತಿಂಗಳುಗಟ್ಟಲೆ ಓಡಾಡಿತ್ತು. ಮನಸ್ಸು ಇಲ್ಲದವನನ್ನು ಕಟ್ಟಿಹಾಕಿ ಆಡಿಸಿದರೆ ಆಟ ಬರುತ್ತದೆಯೇ?

ನಮ್ಮ ತಂಡದ ಕಥೆಯನ್ನೇ ತೆಗೆದುಕೊಳ್ಳಿ. ಹರ್ಷಲ್ ಪಟೇಲ್ ಡೆಲ್ಲಿಯಲ್ಲಿ 20 ಲಕ್ಷದ ಆಟಗಾರ. 2021ರ ಜನವರಿಯಲ್ಲಿ, ಯಾರೂ ಕ್ರಿಕೆಟ್ ಬಗ್ಗೆ ತಲೆ ಕೆಡಿಸಿಕೊಳ್ಳದ ಹೊತ್ತಿನಲ್ಲಿ, ಆರ್‌ಸಿಬಿ ಅವನನ್ನು ಟ್ರೇಡ್‌ನಲ್ಲಿ ತಂದಿತು. ಪೇಪರಿನಲ್ಲಿ ಮೂಲೆಯಲ್ಲಿ ಎರಡು ಸಾಲು ಬಂದಿರಬೇಕು. ಆ ಸೀಸನ್ನಿನಲ್ಲಿ ಅವನು ತೆಗೆದದ್ದು 32 ವಿಕೆಟ್, ನೇರಳೆ ಟೋಪಿ ಅವನ ತಲೆಗೆ. ಹರಾಜಿನ ಗದ್ದಲದಲ್ಲಿ ಇಂಥ ಹುಡುಗ ಕಣ್ಣಿಗೆ ಬೀಳುತ್ತಿದ್ದನೇ?

ಕೆ.ಎಲ್. ರಾಹುಲ್ ಹೋದ ಎಂದು ನೀವು ಈಗಲೂ ಕೊರಗುತ್ತೀರಿ. ಅವನು ಬಂದದ್ದು ಹೇಗೆ? ಹೈದರಾಬಾದ್ ತಂಡದಲ್ಲಿದ್ದವನನ್ನು 2016ರ ಸೀಸನ್‌ಗೆ ಮೊದಲು ಟ್ರೇಡ್ ಮಾಡಿಯೇ ಮನೆಗೆ ಕರೆತಂದದ್ದು. ಆ ವರ್ಷ 397 ರನ್ ಹೊಡೆದ, ನಾವು ಫೈನಲ್‌ಗೆ ಹೋದೆವು, ಅದೇ ಹೈದರಾಬಾದ್ ಎದುರು 8 ರನ್ನಿಂದ ಸೋತೆವು. ನೀವು ಅವತ್ತು ಊಟ ಬಿಟ್ಟಿದ್ದು ಅತ್ತೆಗೂ ನೆನಪಿದೆ. ಇದೇನು ಹೊಸ ಚಾಳಿಯೂ ಅಲ್ಲ. ಎರಡನೇ ಸೀಸನ್ನಿನಲ್ಲೇ, 2009ರಲ್ಲಿ, ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪನನ್ನು ತಂದಿದ್ದೆವು. ಕರ್ನಾಟಕದ ಹುಡುಗರು ಬೆಂಗಳೂರಿಗೆ ಮರಳಿದ ದಾರಿ ಹೀಗೆ ಎರಡು ಸಲವಾದರೂ ಟ್ರೇಡೇ.

ಎಲ್ಲ ಸಲವೂ ಫಲಿಸುತ್ತದೆ ಎನ್ನುವುದಿಲ್ಲ. ದೇವದತ್ತ ಪಡಿಕ್ಕಲ್‌ನನ್ನು ರಾಜಸ್ಥಾನ ಲಖನೌಗೆ ಕೊಟ್ಟು ಆವೇಶ್ ಖಾನ್‌ನನ್ನು ತೆಗೆದುಕೊಂಡಿತು; ಹುಡುಗನಿಗೆ ಅಲ್ಲಿ ಏನೂ ಕೈಹತ್ತಲಿಲ್ಲ. ಮುಂದಿನ ಹರಾಜಿನಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೇಳಲೇ ಇಲ್ಲ, ಆಮೇಲೆ 2 ಕೋಟಿಗೆ ನಮ್ಮಲ್ಲಿಗೆ ಬಂದ, ಕಪ್ ಗೆದ್ದ ತಂಡದಲ್ಲಿದ್ದ. ಅಲೆದು ಬಂದವನಿಗೆ ಮನೆ ಬೆಲೆ ಗೊತ್ತಾಗುತ್ತದೆ.

ಇನ್ನು ಎದುರಾಳಿಗಳ ವಿಷಯ. ಇದರ ಸುಖ ನಿಮಗೆ ಗೊತ್ತಿಲ್ಲದೆ ಇಲ್ಲ. 2023ರ ನವೆಂಬರ್‌ನಲ್ಲಿ ಮುಂಬೈನವರು ಗುಜರಾತಿನಿಂದ ಹಾರ್ದಿಕ್ ಪಾಂಡ್ಯನನ್ನು ಎತ್ತಿಕೊಂಡು ಬಂದಾಗ ನಮ್ಮ ಓಣಿಯ ಮುಂಬೈ ಹುಡುಗರು ಪಟಾಕಿ ಹಾರಿಸಿದರು. ಅವನಿಗೆ ಪರ್ಸ್‌ನಲ್ಲಿ ಜಾಗ ಮಾಡಲು ಕ್ಯಾಮರನ್ ಗ್ರೀನ್‌ನನ್ನು 17.5 ಕೋಟಿಗೆ ನಮಗೆ ದಾಟಿಸಿದರು. 2024ರಲ್ಲಿ ಮುಂಬೈ ಹತ್ತು ತಂಡಗಳಲ್ಲಿ ಹತ್ತನೆಯದು. ನನ್ನ ಅಂಗಡಿಗೆ ರೀಚಾರ್ಜ್‌ಗೆ ಬಂದ ಆ ಹುಡುಗರ ಮುಖ ನೋಡುವುದಕ್ಕೇ ನಾನು ವಾರಗಟ್ಟಲೆ ಬೇಗ ಬಾಗಿಲು ತೆಗೆದಿದ್ದೇನೆ. ಈ ಲೆಕ್ಕಾಚಾರ, ಈ ಕುಹಕ, ಇದೆಲ್ಲ ಇಲ್ಲದಿದ್ದರೆ ಜೂನ್‌ನಿಂದ ಮಾರ್ಚ್‌ವರೆಗೆ ಅಭಿಮಾನಿ ಏನು ಮಾಡಬೇಕು?

ತಂಡ ಅಂದರೆ ಆಟಗಾರರಲ್ಲ ಮಾಮಾ, ಹೆಸರು. ನಮ್ಮ ಹಳೇ ಬಾಗಲಕೋಟೆಯ ಅರ್ಧ ಊರು ಆಲಮಟ್ಟಿ ಹಿನ್ನೀರಿಗೆ ಹೋಯಿತು. ಓಣಿ ಹೋದವು, ಮನೆ ಹೋದವು, ನಾವು ಸೆಕ್ಟರ್ ನಂಬರಿನ ಮನೆಗಳಿಗೆ ಬಂದೆವು. ಬಾಗಲಕೋಟೆ ಬಾಗಲಕೋಟೆಯಾಗಿಯೇ ಇದೆ. ಅಷ್ಟು ದೂರ ಯಾಕೆ, ನೀವು ನೇಯುವ ಸೀರೆಯನ್ನೇ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಕೂಡಿಸಿದರೇ ಇಳಕಲ್ ಸೀರೆ. ಕಡೆಗೊಂದು ಮಾತು, ಸಿಟ್ಟಾಗಬೇಡಿ. ಬೇರೆ ಮಾಲಕರ ಬಾಕಿ ತೀರಿಸಿ ಒಳ್ಳೆಯ ನೇಕಾರರನ್ನು ನಿಮ್ಮ ಮಗ್ಗಕ್ಕೆ ನೀವೂ ಕರೆತಂದಿದ್ದೀರಿ. ಅದು ಟ್ರೇಡ್ ಅಲ್ಲದೆ ಇನ್ನೇನು?

ವಿರೋಧ: ಮಾವ

ಭಾಳ ಶಾಣ್ಯಾ ಆಗಿ ಅಳಿಯಪ್ಪಾ. ಕೊಂಡಿ ಮಾತು ಮೊದಲು ಮುಗಿಸ್ತೀನಿ. (ಇಲ್ಲಿ ಅವರು ಮುಂದಿದ್ದ ಸೀರೆಯ ಟೋಪಿ ತೆನಿ ಸೆರಗನ್ನು ಬಿಡಿಸಿ, ಕೆಂಪು ರೇಷ್ಮೆ ಒಡಲಿನ ಹತ್ತಿಗೆ ಸೇರುವ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ಗಂಟು ಕಾಣುವುದಿಲ್ಲ, ಬೆರಳಿಗೆ ಮಾತ್ರ ತುಸು ಒರಟಾಗಿ ಸಿಗುತ್ತದೆ.) ಒಂದೊಂದು ಎಳಿ ಹಿಡಿದು ಕೂಡಿಸಿದ್ದು ಇದು. ಒಮ್ಮೆ ಕೂಡಿಸಿದ ಸೆರಗ ಕಿತ್ತು ಮತ್ತೊಂದು ಸೀರಿಗೆ ಹಚ್ಚಾಕ ಬರತೈತೇನು? ಬಂದ್ರ ನನಗೂ ಕಲಿಸು.

ಇನ್ನ ನವನಗರ. ನಿಮ್ಮಪ್ಪನ್ನ ಕೇಳು. ಪರಿಹಾರದ ಕಾಗದದ ಮ್ಯಾಲ ಅವರು ಸಹಿ ಮಾಡಿದ್ದು ಖರೇ. ಮನಸ್ಸಿದ್ದು ಮಾಡಿದ್ರೇನು? ನೀರು ಬರಾಕ ಹತ್ತಿತ್ತು, ಮಾಡಿದ್ರು. ನಿನ್ನ ಮೂರು ಹೂಂ ಒಳಗ ಒಂದು ಹೂಂ ಅಂಥಾದ್ದು.

ನನ್ನ ಬಾಕಿ ಮಾತು ತಗದಿ. ನಾ ಕರಕೊಂಡು ಬಂದದ್ದು ಆಮ್ಯಾಲ. ಅದಕ್ಕಿಂತ ಮೊದಲ ನನ್ನನ್ನ ಕರಕೊಂಡು ಹೋಗಿದ್ರು, ಅದು ನಿನಗ ಗೊತ್ತಿಲ್ಲ. ನನಗ ಇಪ್ಪತ್ತು ಇಪ್ಪತ್ತೊಂದು. ಅಕ್ಕನ, ಅಂದ್ರ ನಿಮ್ಮವ್ವನ, ಮದುವಿಗೆ ಮಾಲಕನ ಕಡಿಂದ ಎರಡು ಸಾವಿರ ಮುಂಗಡ ತಗೊಂಡಿದ್ದೆ. ಒಂದಿನ ಮುಂಜಾನೆ ಮಗ್ಗದ ಕುಣಿಯೊಳಗ ಇಳಿಯಾಕ ಹೋದ್ರ, ಇಳೀಬ್ಯಾಡ, ನಿನ್ನ ಬಾಕಿ ಮುಟ್ಟೈತಿ, ಇವತ್ತಿಂದ ನೀ ಅವರ ಮನಿಗೆ ಹೋಗು ಅಂದ್ರು. ಹೊಸ ಮಾಲಕ ಬಾಗಲಾಗ ನಿಂತಿದ್ದ. ಹೋಗ್ತಿಯೇನಪ್ಪಾ ಅಂತ ನನ್ನ ಕೇಳಿದ್ರು. ಕೇಳಲಿಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ. ಹೂಂ ಅಂದೆ. ಹೂಂ ಅನ್ನದ ಏನನ್ನಬೇಕಿತ್ತು? ಅರ್ಧ ನೇಯ್ದ ಸೀರಿ ಮಗ್ಗದ ಮ್ಯಾಲ ಇತ್ತು. ಯಾರು ಮುಗಿಸಿದ್ರೋ.

ಹದಿನಾಲ್ಕು ಕೋಟಿ ಎಣಿಸಿಕೊಳ್ಳಾವನ್ನ ಎರಡು ಸಾವಿರ ಬಾಕಿಯಾವನ ತಕ್ಕಡಿಯೊಳಗ ಹಾಕಬ್ಯಾಡ್ರಿ ಅಂತಿ. ಹಾಕೂದಿಲ್ಲ. ಜಡೇಜಾನ ಬಗ್ಗೆ ನನಗ ಕನಿಕರ ಇಲ್ಲ, ಅಂವಂದು ಚೊಲೊ ನಡದೈತಿ. ಆದರ ಅಂವಂದ ಒಂದು ಹಳೇ ಕಥಿ ಐತಿ, ಅದನ್ನ ನೀ ಬರದಿಲ್ಲ. 2008ರಾಗ ರಾಜಸ್ಥಾನ ಕಪ್ ಗೆದ್ದಾಗ ಅಂವ ಅವರ ಹುಡುಗ. 2010ಕ್ಕ ಅಂವ ಅಲ್ಲಿ ಸಹಿ ಮಾಡದ ಮುಂಬೈ ಜೋಡಿ ತನ್ನ ದರ ತಾನ ಮಾತಾಡಿದ ಅಂತ ಹೇಳಿ ಇಡೀ ಸೀಸನ್ ಅವನ್ನ ಹೊರಗಿಟ್ರು. ಇಪ್ಪತ್ತೊಂದು ವರ್ಷದ ಹುಡುಗ. ಆಟಗಾರ ಹೋಗಿ ಮಾತಾಡಿದ್ರ ತಪ್ಪು, ಒಂದು ವರ್ಷ ಶಿಕ್ಷಾ. ಅದ ಮಾತು ಎರಡು ತಂಡದವರು ಕುಂತು ಆಡಿದ್ರ ಟ್ರೇಡ್, ಫೋಟೋ ಹೊಡಿಸಿಕೊಂಡು ಹಾಕ್ತಾರ. ಈಗ ಅದ ರಾಜಸ್ಥಾನ ಅದ ಜಡೇಜಾನ್ನ ತಗೊಂಡೈತಿ. ಇದರಾಗ ಸಹಿ ಯಾರದು, ಮರ್ಜಿ ಯಾರದು?

ಅಂವ ಚೆನ್ನೈದಾವ, ನಮಗ ವೈರಿ. ಆದರೂ 2023ರ ಫೈನಲ್ ನೆನಸು. ಎರಡು ಬಾಲಿಗೆ ಹತ್ತು ಬೇಕಿತ್ತು. ಒಂದು ಸಿಕ್ಸರ್, ಒಂದು ಫೋರ್. ಧೋನಿ ಅವನ್ನ ಎತ್ತಿಕೊಂಡ. ಆ ಎತ್ತಿಕೊಂಡಿದ್ದನ್ನ ನೋಡಿದಾವರು ಇವತ್ತು ರಾಜಸ್ಥಾನದ ಅಂಗಿ ಮ್ಯಾಲ ಅವನ್ನ ನೋಡಬೇಕು. ವೈರಿ ಅಂದ್ರ ವೈರಿಯಾಗಿ ಇರಬೇಕೋ. ಈ ವರ್ಷ ಬೈದಾವನ್ನ ಬರೂ ವರ್ಷ ನಮ್ಮಾವ ಅನ್ನೂದು, ಬಾಯಿಗೆ ಬರೂದಿಲ್ಲ ನನಗ.

ಈಗ ರೊಕ್ಕ. ಹರಾಜಿಗೆ ಎಲ್ಲಾರಿಗೂ ಒಂದ ಗಂಟು ಕೊಡ್ತಾರ. 2026ಕ್ಕ 125 ಕೋಟಿ. ಯಾಕ? ಶ್ರೀಮಂತ ಮಾಲಕ ಎಲ್ಲಾರನ್ನೂ ಬಾಚಿಕೊಳ್ಳಬಾರದು ಅಂತ. ಚೊಲೊ ಕಾಯಿದೆ. ನೀ ಹಾರ್ದಿಕ್ ಪಾಂಡ್ಯ ಅಂದಿ. ಅವನ 15 ಕೋಟಿ ಸಂಬಳ ಆ ಗಂಟಿನೊಳಗಿಂದ ಹೋತು, ಅದು ಎಲ್ಲಾರಿಗೂ ಗೊತ್ತು. ಅದರ ಮ್ಯಾಲ ಅವನ್ನ ಬಿಟ್ಟುಕೊಟ್ಟಿದ್ದಕ್ಕ ಗುಜರಾತಿನವರಿಗೆ ಮುಂಬೈಯವರು ಕೊಟ್ಟದ್ದೆಷ್ಟು? ಕೊಟ್ಟಾವಗ, ತಗೊಂಡಾವಗ, ಐಪಿಎಲ್‌ನವರಿಗೆ, ಇಷ್ಟ ಮಂದಿಗೆ ಗೊತ್ತು. ಆ ರೊಕ್ಕ ಗಂಟಿನ ಲೆಕ್ಕದಾಗ ಬರೂದ ಇಲ್ಲ. ಅಂದ್ರ ಮುಂದಿನ ಬಾಗಲಕ್ಕ ಕೀಲಿ ಹಾಕಿ ಹಿತ್ತಲ ಬಾಗಲಾ ತಗದಿಟ್ಟಂಗ. ಹರಾಜು ದನದ ಸಂತಿ ಅಂತಿ. ಇರಲಿ. ಸಂತ್ಯಾಗ ದರ ಎಲ್ಲಾರ ಕಿವಿಗೆ ಬೀಳತೈತಿ. ನಿನ್ನ ಟ್ರೇಡ್ ಅಂದ್ರ ಟವೆಲ್ ಕೆಳಗ ಬೆರಳು ಹಿಡಿದು ದರ ಮಾಡಿದಂಗ. ಹಳೇ ದಲಾಲರ ಪದ್ಧತಿ ಅದು. ಮ್ಯಾಲ ಟವೆಲ್, ಕೆಳಗ ಬೆರಳು, ಮಾರಾವಗೂ ಕೊಳ್ಳಾವಗೂ ಬಿಟ್ರ ಮೂರನೇದಾವಗ ಗೊತ್ತಾಗೂದಿಲ್ಲ. ಸಂತಿಗಿಂತ ಅದು ಹೆಂಗ ಚೊಲೊ ಆತು?

(ನಾನು ನಡುವೆ ಬಾಯಿ ಹಾಕಿದೆ: ಟವೆಲ್ ತೆಗೆಸಿದರೆ ನಿಮ್ಮ ವಿರೋಧ ಮುಗಿಯಿತೇ? ಅವರು ಸ್ವಲ್ಪ ಹೊತ್ತು ದಡಿ ಸರಿಮಾಡಿದರು. "ಅರ್ಧ ಮುಗೀತೈತಿ" ಅಂದರು.)

ಉಳಿದ ಅರ್ಧ ಹೇಳ್ತೀನಿ ಕೇಳ್ರಿ. ಹರ್ಷಲ್ ಬಂದ, ಉತ್ತಪ್ಪ ಬಂದ, ರಾಹುಲ್ ಬಂದ ಅಂತ ಅಳಿಯ ಲೆಕ್ಕ ಕೊಟ್ಟ. ಬಂದಾವರ ಲೆಕ್ಕ ಎಲ್ಲಾರೂ ಇಡ್ತಾರ. ರಾಯಚೂರಿನ ಹುಡುಗ ಮನೋಜ್ ಭಾಂಡಗೆ ನಮ್ಮ ತಂಡದಾಗ ಇದ್ದ. ರಾಯಚೂರಂದ್ರ ಇಲ್ಲೇ ಐತಿ, ನಮ್ಮ ಸೀಮಿ ಹುಡುಗ. 18 ವರ್ಷಕ್ಕ ಕಪ್ ಬಂತು, ಅದರ ಮುಂದಿನ ಪಟ್ಟಿಯೊಳಗ ಅವನ್ನ ಬಿಟ್ರು. ಅದು ಟ್ರೇಡೂ ಅಲ್ಲ, ಸುಮ್ನ ಬಿಟ್ಟಿದ್ದು. ಅದರ ಮ್ಯಾಲ ನಮ್ಮ ಓಣಿಯೊಳಗ ಒಬ್ಬರೂ ಜಗಳ ತಗೀಲಿಲ್ಲ. ಚೆನ್ನೈಗೆ ಸಂಜು ಹೋದದ್ದಕ್ಕ ಎರಡು ತಾಸು ಬಡದಾಡಿದ್ರು. ಎದುರಿನವರ ಅಂಗಡ್ಯಾಗ ಏನು ಮಾಲು ಬಂತು ಅಂತ ನೋಡಿಕೋತ ಕುಂತ್ರ ನಮ್ಮ ಅಂಗಡ್ಯಾಗಿಂದ ಏನು ಹೋತು ಅಂಬೂದ ಕಾಣೂದಿಲ್ಲ.

ರಾಹುಲ್‌ಂದ ಒಂದು ಹೇಳಿ ಬಿಡ್ತೀನಿ, ಗಿರಾಕಿ ಬಂದ್ರು. 2025ರ ಏಪ್ರಿಲ್ 10, ಚಿನ್ನಸ್ವಾಮಿಯೊಳಗ ಡೆಲ್ಲಿ ಜೋಡಿ ನಮ್ಮ ಆಟ. ಇಲ್ಲೇ ಈ ಗಾದಿ ಮ್ಯಾಲ ಕುಂತು ಫೋನಿನ್ಯಾಗ ನೋಡಿದ್ದು. ಡೆಲ್ಲಿ ಕಡಿಂದ ರಾಹುಲ್ ಒಬ್ಬನ 93 ಹೊಡದ, ಔಟ್ ಆಗಲಿಲ್ಲ, ಆಟ ಮುಗಿಸಿದ. ಮುಗಿಸಿದಾವನ ಬ್ಯಾಟಿನ್ಲೆ ನೆಲದ ಮ್ಯಾಲ ಒಂದು ಗುಂಡು ಗೆರಿ ಹಾಕಿ, ನಡುವ ಬ್ಯಾಟು ಊರಿದ. ಕಾಂತಾರ ಸಿನಿಮಾದಾಗಿಂದು. ಇದು ನನ್ನ ನೆಲ ಅಂತ. ನಮ್ಮ ತಂಡ ಸೋತಿತ್ತು, ಎದುರಿನ ಅಂಗಿ ಹಾಕ್ಕೊಂಡಾವ ನಮ್ಮ ನೆಲದ ಮ್ಯಾಲ ಗೆರಿ ಕೊರೀತಿದ್ದ. ನಾ ಚಪ್ಪಾಳಿ ಹೊಡದೆ. ಒಳಗಿಂದ ಇಕಿ ಕೇಳಿದ್ಲು, ಗೆದ್ರೇನ್ರಿ ಅಂತ.

ಏನಂತ ಹೇಳಲಿ?