ಪ್ರವಚನ ಮತ್ತು ರಸೀದಿ

1992ರ ಅಕ್ಟೋಬರ್ 30. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಾಲ್ಕೇ ದಿನ ಉಳಿದಿತ್ತು. ‘ಯುಎಸ್‌ಎ ಟುಡೇ’ ಮತ್ತು ‘ವಾಷಿಂಗ್ಟನ್ ಟೈಮ್ಸ್’ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತೊಂದು ಬಂತು. ನಿಜವಾದ ಕ್ರೈಸ್ತರು ಬಿಲ್ ಕ್ಲಿಂಟನ್‌ಗೆ ಮತ ಹಾಕುವುದಾದರೂ ಹೇಗೆ ಎಂಬುದು ಅದರ ಧಾಟಿ. ಕೊಟ್ಟದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಕಡೆಯ ಪಿಯರ್ಸ್ ಕ್ರೀಕ್ ಚರ್ಚು. ದಪ್ಪಕ್ಷರದ ಎಚ್ಚರಿಕೆಗಿಂತ ನನಗೆ ಕುತೂಹಲ ಹುಟ್ಟಿಸುವುದು ಪುಟದ ತಳದ ಸಣ್ಣಕ್ಷರ. ಈ ಜಾಹೀರಾತಿನ ಖರ್ಚಿಗೆ ದೇಣಿಗೆ ಕೊಡಬಹುದು, ಕೊಟ್ಟ ಹಣಕ್ಕೆ ತೆರಿಗೆ ಕಡಿತವೂ ಸಿಗುತ್ತದೆ ಎಂದು ಅಲ್ಲಿ ಬರೆದು, ಕಳಿಸಬೇಕಾದ ವಿಳಾಸವನ್ನೂ ಅಚ್ಚು ಹಾಕಿಸಿದ್ದರು.

ಧರ್ಮಸಂಸ್ಥೆಗಳು ರಾಜಕೀಯ ಮಾತಾಡಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಎಲ್ಲರೂ ಮಾತಿನ ಹಿಂದೆ ಓಡುತ್ತಾರೆ. ತಕರಾರಿನ ಬೇರು ಇರುವುದು ಈ ಸಣ್ಣಕ್ಷರದ ಸಾಲಿನಲ್ಲಿ.

ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. 1954ರಲ್ಲಿ ಸೆನೆಟರ್ ಲಿಂಡನ್ ಜಾನ್ಸನ್ ಸೇರಿಸಿದ ತಿದ್ದುಪಡಿ ಇದು. ಧರ್ಮ–ರಾಜಕಾರಣ ಬೇರೆಬೇರೆ ಇರಲಿ ಎಂಬ ದೊಡ್ಡ ಆದರ್ಶವೇನೂ ಇದರ ಹಿಂದೆ ಇದ್ದಂತಿಲ್ಲ. ಟೆಕ್ಸಾಸ್‌ನಲ್ಲಿ ಮರುಆಯ್ಕೆಗೆ ನಿಂತಿದ್ದ ಜಾನ್ಸನ್‌ಗೆ ಕಾಟ ಕೊಡುತ್ತಿದ್ದದ್ದು ಚರ್ಚುಗಳಲ್ಲ, ವಿನಾಯಿತಿಯ ನೆರಳಲ್ಲಿದ್ದ ಕಮ್ಯುನಿಸ್ಟ್ ವಿರೋಧಿ ಸಂಘಟನೆಗಳು. ಸದನದಲ್ಲಿ ಚರ್ಚೆಯೇ ಇಲ್ಲದೆ, ಧ್ವನಿಮತದಿಂದ ತಿದ್ದುಪಡಿ ಪಾಸಾಯಿತು. ಸ್ವಾರ್ಥಕ್ಕೆ ಹುಟ್ಟಿದ ಕಾನೂನು ಕೆಟ್ಟದ್ದೇ ಆಗಬೇಕೆಂದೇನಿಲ್ಲ.

ಲೆಕ್ಕ ಹೀಗಿದೆ. ಶೇ 24ರ ತೆರಿಗೆ ಹಂತದಲ್ಲಿರುವವರು ಅಭ್ಯರ್ಥಿಯೊಬ್ಬನಿಗೆ 100 ಡಾಲರ್ ಕೊಟ್ಟರೆ ಅಷ್ಟೂ ಅವರ ಕೈಯಿಂದಲೇ ಹೋಗುತ್ತದೆ. ರಾಜಕೀಯ ದೇಣಿಗೆಗೆ ಅಲ್ಲಿ ಕಡಿತವಿಲ್ಲ. ಅದೇ 100 ಡಾಲರನ್ನು ಚರ್ಚಿಗೆ ಕೊಟ್ಟು ಕಡಿತ ಪಡೆದರೆ ಅವರ ಕೈಬಿಡುವುದು 76 ಮಾತ್ರ. ಮಿಕ್ಕ 24 ಬೊಕ್ಕಸಕ್ಕೆ ಬರಬೇಕಿದ್ದ ಹಣ. ಆ ಚರ್ಚು ಅಭ್ಯರ್ಥಿಯ ಪರ ಜಾಹೀರಾತು ಕೊಟ್ಟಿತೆನ್ನಿ. ಆಗ ಆ ಅಭ್ಯರ್ಥಿಯನ್ನು ಕಂಡರಾಗದವನೂ, ದೇವರನ್ನೇ ನಂಬದವನೂ ಅದರ ಖರ್ಚಿಗೆ ಹೆಗಲು ಕೊಟ್ಟಂತಾಯಿತು. ತೆರಿಗೆ ವಿನಾಯಿತಿ ಒಂದು ಬಗೆಯ ಸಹಾಯಧನವೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 1983ರಲ್ಲೇ ಹೇಳಿದೆ.

ಪಿಯರ್ಸ್ ಕ್ರೀಕ್ ಚರ್ಚು 1995ರಲ್ಲಿ ವಿನಾಯಿತಿ ಕಳೆದುಕೊಂಡಿತು. ನಮ್ಮ ಧಾರ್ಮಿಕ ಸ್ವಾತಂತ್ರ್ಯ ಹೋಯಿತೆಂದು ಅದು ಕೋರ್ಟಿಗೆ ಹೋಯಿತು. 2000ದಲ್ಲಿ ಬಂದ ತೀರ್ಪಿನ ಸಾರ ಸರಳ: ಪ್ರಚಾರ ಮಾಡಲೇಬೇಕೆಂದರೆ ಬೇರೆ ಸಂಸ್ಥೆ ಕಟ್ಟಿ, ಕಡಿತವಿಲ್ಲದ ಹಣದಲ್ಲಿ ಮಾಡಿ, ನಿಮ್ಮ ಬಾಯಿಯನ್ನು ಯಾರೂ ಕಟ್ಟಿಲ್ಲ.

ಇಷ್ಟು ಸಲೀಸಾಗಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ಈ ನಿಯಮದ ದೊಡ್ಡ ತೊಡಕು ಪ್ರವಚನದ ಹತ್ತಿರ ಬಂದಾಗ ಕಾಣುತ್ತದೆ. 2004ರ ಚುನಾವಣೆಗೆ ಎರಡು ದಿನ ಮುಂಚೆ, ಕ್ಯಾಲಿಫೋರ್ನಿಯಾದ ಪಾಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ ಜಾರ್ಜ್ ರೀಗಸ್ ಎಂಬ ನಿವೃತ್ತ ಪಾದ್ರಿ ಒಂದು ಪ್ರವಚನ ಕೊಟ್ಟರು. ಯೇಸುವೇ ಬಂದು ಅಭ್ಯರ್ಥಿಗಳಾದ ಬುಷ್ ಮತ್ತು ಕೆರಿ ಜೊತೆ ಚರ್ಚೆಗೆ ಕೂತರೆ ಹೇಗಿರುತ್ತದೆ ಎಂಬ ಕಲ್ಪನೆ ಅದು. ಯಾರಿಗೆ ಮತ ಹಾಕಬೇಕೆಂದು ಹೇಳುವುದಿಲ್ಲ ಎಂದೇ ಅವರು ಮಾತು ಶುರು ಮಾಡಿದ್ದರು. ಆದರೆ ಇರಾಕ್ ಯುದ್ಧವನ್ನು ಬಿಡದೆ ಜಾಡಿಸಿದರು. ಮರುವರ್ಷ ತೆರಿಗೆ ಇಲಾಖೆಯ ಪತ್ರ ಬಂತು. 2007ರಲ್ಲಿ ಇಲಾಖೆ, ನೀವು ತಪ್ಪು ಮಾಡಿದ್ದೀರಿ, ಆದರೂ ಶಿಕ್ಷೆ ಇಲ್ಲ ಎಂದು ಕಡತ ಮುಚ್ಚಿತು. ತಪ್ಪೇನೆಂದು ಬಿಡಿಸಿ ಹೇಳಲಿಲ್ಲ. ಯುದ್ಧ ಬೇಡ ಎನ್ನುವುದು ಪಾದ್ರಿಯ ಕಸುಬಿನ ಮಾತು. ಅದನ್ನು ತೆರಿಗೆ ಅಧಿಕಾರಿ ಕೂತು ತೂಗುವುದೆಂದರೆ ನನಗೆ ಕಸಿವಿಸಿಯಾಗುತ್ತದೆ. ಇವತ್ತು ಒಬ್ಬರ ಸರ್ಕಾರ, ನಾಳೆ ಇನ್ನೊಬ್ಬರದು; ಯಾವ ಪೀಠಕ್ಕೆ ಪತ್ರ ಹೋಗುತ್ತದೆಂದು ಯಾರು ಬಲ್ಲರು?

ಇನ್ನೊಂದು ಕಡೆ, ಕಾನೂನನ್ನು ಬೇಕೆಂದೇ ಮುರಿದವರ ತಂಟೆಗೆ ಇಲಾಖೆ ಅಷ್ಟಾಗಿ ಹೋಗಿಲ್ಲ. 2008ರಲ್ಲಿ 33 ಪಾದ್ರಿಗಳು ಒಂದೇ ಭಾನುವಾರ ಅಭ್ಯರ್ಥಿಗಳ ಹೆಸರೆತ್ತಿ ಪ್ರವಚನ ಕೊಟ್ಟು ಇಲಾಖೆಗೆ ಸವಾಲು ಹಾಕಿದರು. ಮುಂದಿನ ವರ್ಷಗಳಲ್ಲಿ ಅವರ ಸಂಖ್ಯೆ ಸಾವಿರ ದಾಟಿತು. ವಿನಾಯಿತಿ ಯಾರದೂ ಹೋಗಲಿಲ್ಲ. ಕಪ್ಪುಜನರ ಚರ್ಚುಗಳಿಗೆ ಚುನಾವಣೆ ಹೊತ್ತಿನ ಭಾನುವಾರಗಳಂದು ಡೆಮಾಕ್ರಟಿಕ್ ಅಭ್ಯರ್ಥಿಗಳು ಹೋಗುವುದೂ ಹಳೆಯ ರೂಢಿ. ದೂರುವವರು ಎದುರು ಪಕ್ಷದವರನ್ನಷ್ಟೇ ದೂರುತ್ತಾರೆ.

2025ರ ಜುಲೈನಲ್ಲಿ ಇಲಾಖೆಯೇ ಟೆಕ್ಸಾಸ್‌ನ ಕೋರ್ಟಿನಲ್ಲಿ ಈ ನಿಯಮವನ್ನು ಪ್ರಶ್ನಿಸಿದ್ದವರ ಜೊತೆ ಸೇರಿ ಅರ್ಜಿ ಹಾಕಿತು. ಪೂಜೆಯ ಹೊತ್ತಿನಲ್ಲಿ ಚರ್ಚು ತನ್ನ ಸಭಿಕರಿಗೆ ನಂಬಿಕೆಯ ಕಣ್ಣಿನಿಂದ ಚುನಾವಣೆಯ ಬಗ್ಗೆ ಹೇಳಿದರೆ ಅದು ಪ್ರಚಾರವಲ್ಲ, ಮನೆಮಂದಿ ಕೂತು ಮಾತಾಡಿದ ಹಾಗೆ ಎಂಬುದು ಅದರ ವಾದ. ಪ್ರವಚನವನ್ನು ಬಿಟ್ಟುಬಿಡೋಣ ಎಂಬಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೂ ತೆರಿಗೆ ಕಡಿತದ ರಸೀದಿ ಹರಿಯುವುದಿಲ್ಲ. ಸಾವಿರಾರು ಜನ ಕೂರುವ, ನೇರಪ್ರಸಾರವಿರುವ ಮೆಗಾಚರ್ಚು ಯಾರ ಮನೆಯೂ ಅಲ್ಲ.

ನಮ್ಮಲ್ಲಿ ಇದೇ ಪ್ರಶ್ನೆಗೆ ಬೇರೆ ಹಾದಿ ಹಿಡಿದಿದ್ದೇವೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಅಕ್ರಮ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಅದರ ವ್ಯಾಪ್ತಿಯನ್ನು ಹಿಗ್ಗಿಸಿತು. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯಕ್ಕೆ ಬಳಸಿದರೆ ಐದು ವರ್ಷದವರೆಗೆ ಜೈಲು ಎನ್ನುವ 1988ರ ಕೇಂದ್ರ ಕಾಯ್ದೆಯೂ ಇದೆ. ಕರ್ನಾಟಕದಲ್ಲಿ ಚುನಾವಣೆ ಬಂದಾಗ ಮಠಗಳ ಮುಂದೆ ನಿಲ್ಲುವ ಕಾರುಗಳನ್ನು ನೋಡಿದವರಿಗೆ ಈ ಕಾಯ್ದೆ ಎಷ್ಟು ಜೀವಂತವಿದೆ ಎಂದು ಹೇಳಬೇಕಾಗಿಲ್ಲ. ನಾಮಪತ್ರಕ್ಕೆ ಮುಂಚೆ ಸ್ವಾಮೀಜಿಗಳ ಆಶೀರ್ವಾದ, ಫೋಟೊ, ಮರುದಿನ ಪತ್ರಿಕೆಯಲ್ಲಿ ಸುದ್ದಿ. ಬುದ್ಧಿಯವರು ಯಾರ ಹೆಸರನ್ನೂ ಹೇಳಬೇಕಿಲ್ಲ, ಹಾಕಿದ ಶಾಲೇ ಹೇಳುತ್ತದೆ. ಅತ್ತ ಸರ್ಕಾರ ಬಜೆಟ್‌ನಲ್ಲೇ ಮಠಗಳಿಗೆ ಅನುದಾನ ಕೊಟ್ಟದ್ದುಂಟು. ಅಲ್ಲಿ ಬೊಕ್ಕಸಕ್ಕೆ ಬರಬೇಕಾದ್ದು ಬರುವುದಿಲ್ಲ, ಇಲ್ಲಿ ಬೊಕ್ಕಸದಿಂದಲೇ ಹೊರಡುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ: ಹಳೆಯ ತೆರಿಗೆ ಪದ್ಧತಿಯಲ್ಲಿ ಪಕ್ಷಗಳಿಗೆ ಚೆಕ್ ಮೂಲಕ ಕೊಟ್ಟ ದೇಣಿಗೆಗೆ ಪೂರ್ತಿ ಕಡಿತವಿದೆ. ಹಾಗಾಗಿ ಅಮೆರಿಕದ ಸಹಾಯಧನದ ವಾದವನ್ನು ಇಲ್ಲಿ ಹಾಗೇ ತಂದಿಡಲಾಗದು. ಆದರೆ ಅಮೆರಿಕದಲ್ಲಿರುವ ನಮ್ಮ ದೇವಸ್ಥಾನಗಳಿಗೂ ಕನ್ನಡ ಕೂಟಗಳಿಗೂ ಆ ವಾದ ನೇರವಾಗಿ ತಟ್ಟುತ್ತದೆ; ಅವುಗಳಲ್ಲಿ ಬಹಳಷ್ಟು ಇದೇ ವಿನಾಯಿತಿಯ ಅಡಿಯಲ್ಲೇ ನೋಂದಣಿಯಾಗಿವೆ.

ಪೀಠದ ಮೇಲಿನ ಮಾತನ್ನು ಬಿಟ್ಟು ಹಣವನ್ನು ಹಿಡಿಯಬೇಕು ಎಂಬುದು ನನ್ನ ವಾದ. ಜಾಹೀರಾತು, ಮುದ್ರಿತ ಕರಪತ್ರ, ಸಂಬಳದ ನೌಕರರನ್ನು ಪ್ರಚಾರಕ್ಕೆ ಅಟ್ಟುವುದು ಇವನ್ನೆಲ್ಲ ಅಳೆಯಬಹುದು. ಪ್ರವಚನದ ಒಳಅರ್ಥವನ್ನು ಅಳೆಯಲಾಗದು. ಅಮೆರಿಕದಲ್ಲಿ ಹಣವನ್ನು ಅಳೆಯುವುದಕ್ಕೂ ಅಡ್ಡಿಯಿದೆ. ಇತರ ಧರ್ಮಾರ್ಥ ಸಂಸ್ಥೆಗಳು ಪ್ರತಿವರ್ಷ ಆದಾಯ–ಖರ್ಚಿನ ವಿವರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಚರ್ಚುಗಳಿಗೆ ಮಾತ್ರ ಅದೂ ಮಾಫಿ. ಪ್ರಚಾರದ ಸ್ವಾತಂತ್ರ್ಯ ಕೇಳುವವರು ಮೊದಲು ಆ ಮಾಫಿಯನ್ನು ಬಿಟ್ಟುಕೊಟ್ಟು, ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಡಲಿ.