ಆಟದ ಹಲಗೆಯೂ ಅಳತೆಗೋಲಾಗಬಲ್ಲದು

ಒಂದು ಕಾಲಿನ ಮೇಲೆ ನಿಂತು ನೋಡಿ. ಈಗ ಕಣ್ಣು ಮುಚ್ಚಿ. ಪಾದ ಅತ್ತಿತ್ತ ಹೊರಳತೊಡಗಿತಲ್ಲವೇ? ಕಣ್ಣು, ಒಳಕಿವಿ, ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಕೂಡಿಸಿ ಮಿದುಳು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ಸುಮ್ಮನೆ ನಿಂತಾಗಲೂ ದೇಹ ಸಣ್ಣಗೆ ತೂಗುತ್ತಲೇ ಇರುತ್ತದೆ. ಪಾರ್ಶ್ವವಾಯು ಆದವರಲ್ಲಿ ಈ ತೂಗಾಟ ಸಾಮಾನ್ಯವಾಗಿ ಹೆಚ್ಚು. ದೇಹದ ಭಾರವೂ ಒಂದೇ ಕಾಲಿನತ್ತ ವಾಲಿರುತ್ತದೆ.

ವ್ಯಾಯಾಮ ಮಾಡಿಸಿದ ಮೇಲೆ ಎಷ್ಟು ಸುಧಾರಿಸಿತು? 'ಪರವಾಗಿಲ್ಲ' ಎಂಬುದು ಅಳತೆಯಲ್ಲ. ಇದನ್ನು ಅಳೆಯುವ ಫೋರ್ಸ್ ಪ್ಲೇಟ್ ಎಂಬ ಉಪಕರಣಕ್ಕೆ ಲಕ್ಷಗಟ್ಟಲೆ ಹಣ ಬೇಕು. ಆದರೆ 2007ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ವಿಡಿಯೋ ಗೇಮ್ ಆಡಲೆಂದು 'ವೀ ಬ್ಯಾಲೆನ್ಸ್ ಬೋರ್ಡ್' ಎಂಬ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಸಂವೇದಕಗಳು. ಭಾರ ಬಿದ್ದಾಗ ಒಳಗಿನ ಲೋಹದ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿ ಹಿಗ್ಗಿದಂತೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ನಾಲ್ಕೂ ಮೂಲೆಗಳ ಭಾರ ತಿಳಿದರೆ, ನಿಂತವರ ಒತ್ತಡದ ಕೇಂದ್ರ ಎಲ್ಲಿದೆ, ಅದು ಎಷ್ಟು ಅಲೆದಾಡಿತು ಎಂದು ಲೆಕ್ಕ ಹಾಕಬಹುದು. 2010ರಲ್ಲಿ ಆಸ್ಟ್ರೇಲಿಯಾದ ರಾಸ್ ಕ್ಲಾರ್ಕ್ ಮತ್ತು ಸಂಗಡಿಗರು ಕಾಲಿನ ತೊಂದರೆಯಿಲ್ಲದ 30 ಜನರನ್ನು ಇದರ ಮೇಲೆ ನಿಲ್ಲಿಸಿ ಫೋರ್ಸ್ ಪ್ಲೇಟಿನೊಂದಿಗೆ ಹೋಲಿಸಿದರು. ಎರಡರ ಫಲಿತಾಂಶ ಚೆನ್ನಾಗಿಯೇ ತಾಳೆಯಾಯಿತು.

ಆಟ ಕೊಡುವ ಅಂಕ ಮಾತ್ರ ಬೇರೆ ಮಾತು. ಆಡಿ ಆಡಿ ಆಟದ ಜಾಣ್ಮೆ ತಿಳಿದರೂ ಅಂಕ ಏರುತ್ತದೆ, ಕಾಲು ಗಟ್ಟಿಯಾಗಿರಬೇಕೆಂದಿಲ್ಲ. ನಮಗೆ ಬೇಕಾದದ್ದು ಸಂವೇದಕದ ಸಂಖ್ಯೆಗಳು.

ಇದನ್ನೇಕೆ ಹೇಳುತ್ತಿದ್ದೇನೆ? ಬೆಳಗಾವಿ ನಗರದಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜೇ ಇದೆ. ಖಾನಾಪುರ ಪಟ್ಟಣ ಅಲ್ಲಿಂದ ಸುಮಾರು 26 ಕಿ.ಮೀ. ಅಷ್ಟೇ. ಆದರೆ ಅದೇ ತಾಲ್ಲೂಕಿನ ಕಣಕುಂಬಿ, ಲೋಂಡಾ ಕಡೆಯ ಹಳ್ಳಿಯವರು ವಾರಕ್ಕೆರಡು ಸಲ ನಗರಕ್ಕೆ ಬರಬೇಕೆಂದರೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬರುವವರದೂ ಹೋಯಿತು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಗುಣ ಕಣ್ಣಿಗೆ ಕಾಣದಿದ್ದರೆ ಯಾರಾದರೂ ವ್ಯಾಯಾಮ ಬಿಟ್ಟುಬಿಡುತ್ತಾರೆ. ಅಗ್ಗದ ಒಂದು ಹಲಗೆ ತಾಲ್ಲೂಕು ಕೇಂದ್ರದಲ್ಲೇ ಇರಬೇಕು, ಅದರ ಸಂಖ್ಯೆಗಳು ನಗರದ ಚಿಕಿತ್ಸಕರಿಗೆ ತಲುಪಬೇಕು ಎಂಬುದು ನನ್ನ ಅಭಿಪ್ರಾಯ. ವಿಶೇಷ ಅಗತ್ಯವುಳ್ಳ ನಮ್ಮ ಮಕ್ಕಳಿಗೂ ಅದು ಬೇಕು.

ನಿಂಟೆಂಡೊ ಹಲಗೆ ಈಗ ತಯಾರಾಗುತ್ತಿಲ್ಲ, ನಿಜ. ಆದರೆ ಅದೇ ಬಗೆಯ ಸಂವೇದಕ ಡಿಜಿಟಲ್ ತಕ್ಕಡಿಯಲ್ಲೂ ಇದೆ. ವಿಟಿಯು ಕೇಂದ್ರಸ್ಥಾನವಿರುವ ಊರು ನಮ್ಮದು; ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಜ್ವಾಲಾಮುಖಿಯ ಮಾದರಿ ನೋಡಿ ನೋಡಿ ಸಾಕಾಗಿರುವ ನನಗಂತೂ ಹೀಗನ್ನಿಸುತ್ತದೆ.

ನಿಮ್ಮ ಶಾಲೆಯಲ್ಲೂ ಇದರ ತತ್ವ ತೋರಿಸಬಹುದು. ಒಂದೇ ಎತ್ತರದ ಎರಡು ತೂಕದ ಯಂತ್ರ ತನ್ನಿ. ಒಬ್ಬರೇ ಎರಡರ ಮೇಲೂ ಬೇರೆ ಬೇರೆಯಾಗಿ ನಿಂತು, ಒಂದೇ ತೂಕ ತೋರಿಸುತ್ತವೆಯೇ ಎಂದು ಮೊದಲು ಪರೀಕ್ಷಿಸಿ. ಆಮೇಲೆ ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಲಿ. 30 ಕಿಲೋ ತೂಗುವ ಮಗುವಿಗೆ ಎಡಕ್ಕೆ 12, ಬಲಕ್ಕೆ 18 ಬಂದರೆ ಅನುಪಾತ 40:60. ಮುಂದೆ 14 ಮತ್ತು 16 ಆದರೆ ಒಟ್ಟು ತೂಕ ಬದಲಾಗಿಲ್ಲ, ನಿಲುವು ಬದಲಾಗಿದೆ. ಓದುವುದು ಇನ್ನೊಬ್ಬರ ಕೆಲಸ. ನಿಂತವರೇ ಬಗ್ಗಿ ನೋಡಿದರೆ ಮುಳ್ಳು ಓಡುತ್ತದೆ. ಕಾಲಿಗೆ ತೊಂದರೆಯಿರುವ ಮಗುವನ್ನು ಚಿಕಿತ್ಸಕರಿಲ್ಲದೆ ನಿಲ್ಲಿಸಬೇಡಿ. ದಿನಾಂಕದ ಜೊತೆಗೆ ಬರಿಗಾಲೋ ಚಪ್ಪಲಿಯೋ ಎಂಬುದನ್ನೂ ಬರೆದಿಡಿ, ಇಲ್ಲವಾದರೆ ಮುಂದಿನ ತಿಂಗಳು ಹೋಲಿಸಲಾಗದು.